ದೇವರ ಗೂಡಿನಲ್ಲಿರುವ ಅಂಗೈ ಕಂಪ್ಯೂಟರು

ಆ ದಿನ ಬಾಣವನ್ನು ತಿರುಗಿಸಿದ್ದು ಬೆಟ್ಟದ ಸ್ವಾಮಿಯಲ್ಲ. ನಾನು.

ಬರೆದುಬಿಟ್ಟೆ. ಮನೆಯ ಮೇಲೆ ಸಿಡಿಲೇನೂ ಬೀಳಲಿಲ್ಲ. ಒಲೆಯ ಮೇಲೆ ಮರೆತಿದ್ದ ಹಾಲು ಕೂಡ ಉಕ್ಕದೆ ಉಳಿದಿತ್ತು — ಇದೂ ಒಂದು ಉಪಕಾರ. ಇಂಥ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿಕೊಂಡು ರಾತ್ರಿ ಮಲಗುವುದು ನನ್ನ ಅಭ್ಯಾಸ. ಆದರೆ ನನ್ನ ಬದುಕಿನ ಅತಿ ದೊಡ್ಡ ಉಪಕಾರ ನಾನು ಕದ್ದು ತಂದದ್ದು. ಕದ್ದದ್ದಕ್ಕೆ ಇಷ್ಟು ವರ್ಷ ದೇವರಿಗೆ ಕೈ ಮುಗಿಯುತ್ತ ಬಂದಿದ್ದೇನೆ —

ಮೊದಲಿನಿಂದ ಹೇಳುತ್ತೇನೆ.

ನಮ್ಮ ಚಾಮರಾಜನಗರದ ಮನೆಯ ದೇವರ ಗೂಡಿನಲ್ಲಿ, ನಂಜುಂಡೇಶ್ವರನ ಪಟಕ್ಕೂ ಹಿಮವದ್ ಗೋಪಾಲಸ್ವಾಮಿಯ ಪಟಕ್ಕೂ ನಡುವೆ, ಅಂಗೈ ಅಗಲದ ಒಂದು ಕಂಪ್ಯೂಟರು ಇದೆ. ಅದರ ಜೀವ ಹೋಗಿ ಬಹಳ ವರ್ಷವಾಯಿತು. ಆದರೂ ಬೆಳಿಗ್ಗೆ ಪಟಗಳಿಗೆ ವಿಭೂತಿ ಹಚ್ಚಿ ಹೂವಿಟ್ಟ ಮೇಲೆ ಅದಕ್ಕೂ ಒಂದು ಎಳೆ ವಿಭೂತಿ, ಒಂದು ಹೂವು ಇಡಬೇಕು. ಹಾಗೆಂದು ನಮ್ಮ ಯಜಮಾನರ ಅಪ್ಪಣೆ. ಮನೆಗೆ ಬಂದವರು ಯಾರಾದರೂ "ಇದೇನ್ರಮ್ಮ, ಹಳೇ ಫೋನಿಗೂ ಪೂಜೆನಾ?" ಎಂದು ನಕ್ಕರೆ ಇವರು ನಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕತೆ ಹೇಳುತ್ತಾರೆ. ಕತೆ ಶುರುವಾಯಿತೆಂದರೆ ನಾನು ಕಾಫಿಯ ನೆಪ ಹೇಳಿ ಒಳಗೆ ಹೋಗುತ್ತೇನೆ.

ಫೋನಿನಲ್ಲೇ ದಾರಿ ಕಾಣುವ ಕಾಲ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಇವರದು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ. ಸುಲ್ತಾನ್ ಬತ್ತೇರಿಯ ಮಲೆಯಾಳಿ ಗೆಳೆಯರೊಬ್ಬರು ಹೊಸದು ಕೊಂಡಾಗ ತಮ್ಮ ಹಳೆಯ ಅಂಗೈ ಕಂಪ್ಯೂಟರನ್ನು ಇವರಿಗೆ ಕೊಟ್ಟರು. ಅದರ ಜೊತೆ ಒತ್ತುವುದಕ್ಕೆ ಒಂದು ಪ್ಲಾಸ್ಟಿಕ್ ಕಡ್ಡಿ, ಉಪಗ್ರಹದ ಸಂಕೇತ ಹಿಡಿಯುವುದಕ್ಕೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಇವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹಸುಗೂಸು ತರುವಂತೆ ತಂದರು.

"ಮೇಲಿಂದ ಉಪಗ್ರಹಗಳು ನೋಡ್ತಾ ಇರ್ತವೆ ಕಣೆ. ನಾವ್ ಎಲ್ಲಿದ್ದೀವಿ ಅಂತ ಇದುಕ್ಕೆ ತಿಳಿಸ್ತವೆ," ಎಂದರು.

"ನಾವ್ ಮಾಡದೆಲ್ಲಾನೂ ನೋಡ್ತವಾ?"

"ಊಂ ಮತ್ತೆ. ನೀನು ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಹಾಕದ್ನೂ ನೋಡ್ತವೆ."

ಇವರು ನಕ್ಕರು. ಮೇಲಿಂದ ನೋಡುವವನು ಒಬ್ಬನೇ ಎಂದು ತಿಳಿದಿದ್ದ ನನಗೆ ಮಾತ್ರ ಮೈ ಜುಂ ಎಂದಿತು. ಮುಂದೆ ನಾನು ಮಾಡಿದ್ದನ್ನು ಅವು ನೋಡಿದವೋ ಏನೋ, ಯಾರಿಗೂ ಹೇಳಲಿಲ್ಲ.

ದೊಡ್ಡ ರಸ್ತೆಗಳ ನಕ್ಷೆ ಅದರಲ್ಲಿತ್ತು. ನಮ್ಮ ಹಳ್ಳಿಗಳ ಕಡೆಗೆ ತಿರುಗಿದರೆ ಪರದೆ ಬರೀ ಬಿಳಿ. ಅದಕ್ಕೆ ಇವರೇ ಒಂದು ಉಪಾಯ ಮಾಡಿಕೊಂಡರು. ಹೋದ ಹೋದ ಜಾಗದಲ್ಲಿ ನಿಂತು ಕಡ್ಡಿಯಿಂದ ಒತ್ತಿದರೆ ಅದು ಆ ಜಾಗವನ್ನು ಗುರುತಿಟ್ಟುಕೊಳ್ಳುತ್ತಿತ್ತು. ಇನ್ನೊಮ್ಮೆ ಆ ಗುರುತನ್ನು ಆರಿಸಿದರೆ ಪರದೆಯ ಮೇಲೆ ಕಪ್ಪು ಬಾಣವೊಂದು ಮೂಡಿ ಆ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಕೆಳಗೆ ಇನ್ನೆಷ್ಟು ದೂರ ಎಂಬ ಲೆಕ್ಕ. ಬಾಣದ ಕಡೆಗೆ ಹೋಗುವ ರಸ್ತೆಯನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಜನ್ಮದಲ್ಲಿ ಯಾರ ಬಳಿಯೂ ದಾರಿ ಕೇಳದ ನಮ್ಮ ಯಜಮಾನರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಕ್ಕುವುದು ಸಾಧ್ಯವೇ ಇರಲಿಲ್ಲ. ನಮ್ಮ ಅಂಗಡಿಯ ವ್ಯಾನಿನ ಗಾಜಿಗೆ ಅದನ್ನು ಅಂಟಿಸುವ ರಬ್ಬರು ಬೇಗನೆ ಅಂಟು ಬಿಟ್ಟಿತು. ಅಂದಿನಿಂದ ಅದನ್ನು ತೊಡೆಯ ಮೇಲೆ ಹಿಡಿದು ಕೂತು "ಎಡಕ್ಕೆ ರೀ... ಇನ್ನೊಂಚೂರು ಎಡಕ್ಕೆ" ಎನ್ನುವ ಕೆಲಸ ನನ್ನದಾಯಿತು. ಗುರುತು ಹಾಕುವುದು, ಆರಿಸುವುದು, ಅಳಿಸುವುದು — ಎಲ್ಲವನ್ನೂ ಇವರೇ ತಾಳ್ಮೆಯಿಂದ ಕಲಿಸಿದರು. ಕಲಿಸಿದ ಕೈಗೇ ನಾನು ಮೋಸ ಮಾಡಿದೆ.

ನನ್ನ ತವರು ಭೀಮನಬೀಡು. ಇವರು ಅಲ್ಲಿಗೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ನನ್ನ ತಮ್ಮನ ಮದುವೆಯಲ್ಲಿ ಜನರೇಟರ್ ಕೆಟ್ಟು ನಿಂತಾಗ ಇವರೇ ಚಪ್ಪರದ ಹಿಂದೆ ಕೂತು ಅದನ್ನು ಸರಿಮಾಡುತ್ತಿದ್ದರು. ಮನೆಯ ಅಳಿಯನನ್ನು ಕೈ ಹಿಡಿದು ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸುವುದು ನಮ್ಮಲ್ಲಿ ಪದ್ಧತಿ. ಗಲಾಟೆಯಲ್ಲಿ ಯಾರೂ ಕರೆಯಲಿಲ್ಲ. ಪಂಕ್ತಿ ಎದ್ದೂ ಹೋಯಿತು. ಯಾರೋ ನೆನಪಿಸಿದ್ದಕ್ಕೆ ನಮ್ಮ ದೊಡ್ಡಪ್ಪ, "ಅಳೀಮಯ್ಯ ರಿಪೇರಿಗ್ ಬಂದವ್ರೆ, ಊಟಕ್ಕಲ್ಲ ಬುಡ್ರಪ್ಪ!" ಎಂದು ತಮಾಷೆ ಮಾಡಿದರು. ಜನ ನಕ್ಕರು. ಇವರು ಕೈಯ ಗ್ರೀಸು ಒರೆಸಿಕೊಂಡು ಎದ್ದರು.

"ನಿಮ್ಮೋರ ಬಾಗ್ಲು ಇನ್ ತುಳಿಯಕಿಲ್ಲ ನಾನು. ನೀ ಓಗ್ಬಾ, ಬ್ಯಾಡ ಅನ್ನಕಿಲ್ಲ."

ಅಂದ ಹಾಗೇ ನಡೆದುಕೊಂಡರು. ನನ್ನನ್ನು ಒಮ್ಮೆಯೂ ತಡೆಯಲಿಲ್ಲ. ಹೊರಟಾಗಲೆಲ್ಲ ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಅವ್ವನಿಗೆಂದು ಹಣ್ಣಿನ ಚೀಲ ಕೊಟ್ಟು ಕಳಿಸುತ್ತಿದ್ದರು. ಇಷ್ಟು ಒಳ್ಳೆಯತನದ ಮೇಲೆ ನಾನು ಏನೆಂದು ಜಗಳವಾಡಲಿ?

ಆ ವರ್ಷಗಳಲ್ಲಿ ಅವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಆಸ್ಪತ್ರೆಯಲ್ಲೂ ಕೈ ಚೆಲ್ಲಿದ್ದರು. ನನ್ನ ತಮ್ಮ ಊರಿನ ಮನೆ ಬಿಟ್ಟು ಹೊಲದಲ್ಲೇ ಹೊಸ ಮನೆ ಕಟ್ಟಿಕೊಂಡಿದ್ದ. ಇವರು ಆ ಮನೆಯನ್ನು ನೋಡಿಯೇ ಇರಲಿಲ್ಲ. ಅವ್ವ ಅಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು ದೂರದ ಗೋಪಾಲಸ್ವಾಮಿ ಬೆಟ್ಟದ ಕಡೆ ಮುಖ ಮಾಡಿ ಕೈ ಮುಗಿಯುತ್ತಿದ್ದಳು. ಬೆಟ್ಟ ಅವಳಿಗೆ ಕಾಣುತ್ತಿರಲಿಲ್ಲ. "ಕಣ್ ಪೂರ್ತಿ ಓಗೋದ್ರೊಳ್ಗೆ ಅಳೀಮಯ್ಯ ಈ ಮನೇಲಿ ಒಂದ್ ತುತ್ ಉಣ್ಣದ ನೋಡ್ಬುಟ್ರೆ ಸಾಕು ಕಣವ್ವ," ಎನ್ನುತ್ತಿದ್ದಳು. ಇವರಿಗೆ ಈ ಮಾತು ತಿಳಿಸಿದೆ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಹಣ್ಣಿನ ಚೀಲ ಇನ್ನಷ್ಟು ದೊಡ್ಡದಾಯಿತು — ಅಷ್ಟೇ.

ಆಮೇಲಿನ ಸಲ ತವರಿಗೆ ಹೊರಟಾಗ, ನನ್ನನ್ನು ಬಸ್ಸು ಹತ್ತಿಸಲು ಇವರು ಅಂಗಡಿಯಿಂದ ಬರುವ ಮೊದಲೇ, ಆ ಕಂಪ್ಯೂಟರನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅವ್ವನ ಹಿತ್ತಲಲ್ಲಿ ನಿಂತು, ಆಕಾಶ ಕಾಣುವಂತೆ ಹಿಡಿದು, ಕಡ್ಡಿಯಿಂದ ಒತ್ತಿದೆ. ಹೆಸರು ಕೊಡಲಿಲ್ಲ, ಅದೇ ಒಂದು ಸಂಖ್ಯೆ ಕೊಟ್ಟುಕೊಂಡಿತು. ಗಳಿಗೆಯ ಬುದ್ಧಿಯಲ್ಲಿ ಆಗಿಹೋಯಿತು ಎಂದು ಹೇಳಿಕೊಳ್ಳಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ಇದು ಮುಂಚೆಯೇ ಮಾಡಿಟ್ಟುಕೊಂಡ ಕೆಲಸ.

ಅವಕಾಶ ಬಂದದ್ದು ನಮ್ಮ ಅಕ್ಕನ ಮನೆಯ ಶುಭಕಾರ್ಯದಲ್ಲಿ. ಅಕ್ಕ ಎಂದರೆ ನಮ್ಮ ಯಜಮಾನರ ಒಡಹುಟ್ಟಿದ ಅಕ್ಕ, ರಾಜಮ್ಮ. ಇವರಿಗೆ ಅವರೊಬ್ಬರೇ ಅಕ್ಕ, ಅವರಿಗೆ ಇವರೊಬ್ಬರೇ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಮ್ಮ ಮನೆಯೇ. ಮದುವೆಯಾಗಿ ಬಹಳ ಕಾಲಕ್ಕೆ ಹುಟ್ಟಿದ ಮಗಳಿಗೆ ಅಂದು ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಶಾಸ್ತ್ರ ಅವರ ಮನೆದೇವರ ಗುಡಿಯಲ್ಲಿ — ಭೀಮನಬೀಡು ದಾಟಿ ಆಚೆ, ಹೊಲಗಳ ಒಳಗೆ. ಹಿಂದಿನ ತಿಂಗಳು ಗುಡಿ ಸುಣ್ಣ ಬಳಿಯುವ ದಿನ ಅಕ್ಕನ ಊರಿಂದ ಭಾವನವರ ಬೈಕಿನಲ್ಲಿ ಬೇರೆ ದಾರಿಯಾಗಿ ಹೋಗಿದ್ದ ಇವರು ಅದನ್ನು ಗುರುತು ಹಾಕಿಕೊಂಡು ಬಂದಿದ್ದರು. "ಯಾರ್ನೂ ಕೇಳದ್ ಬ್ಯಾಡ, ಬಾಣ ಇಡ್ಕಂಡ್ ಓಗನ," ಎಂದು ಹಿಂದಿನ ದಿನದಿಂದಲೇ ಕುಣಿಯುತ್ತಿದ್ದರು. ಬೆಳಿಗ್ಗೆ ಆ ಕಂಪ್ಯೂಟರಿಗೂ ವಿಭೂತಿ ಹಚ್ಚಿ, "ಸರ್ಯಾದ್ ಜಾಗಕ್ ತಲುಪ್ಸಪ್ಪ" ಎಂದು ಕೈ ಮುಗಿದು ಹೊರಟರು.

ಗುಂಡ್ಲುಪೇಟೆಯಲ್ಲಿ ಹಣ್ಣುಕಾಯಿ ಕೊಳ್ಳಲು ಇವರು ಇಳಿದಾಗ ನಾನು ಅಕ್ಕನ ಗುಡಿಯ ಗುರುತು ತೆಗೆದು ಅವ್ವನ ಹಿತ್ತಲಿನ ಗುರುತನ್ನು ಆರಿಸಿದೆ. ಬಾಣ ಒಂದಿಷ್ಟು ವಾಲಿತು, ಅಷ್ಟೇ. ಕಿಲೋಮೀಟರು ಕಡಿಮೆಯಾಯಿತು, ನಾನು ಬಾಯಲ್ಲಿ ಹೆಚ್ಚಿಸಿ ಹೇಳಿದೆ.

ದೊಡ್ಡ ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದೆವು. ಎರಡೂ ಕಡೆ ಚೆಂಡುಹೂವಿನ ಹೊಲ. ಇವರು ಸಿಳ್ಳೆ ಹಾಕುತ್ತ ಓಡಿಸುತ್ತಿದ್ದರು. "ಎಡಕ್ಕೆ ರೀ... ನೆಟ್ಟಗೆ... ಇನ್ನೇನು ಬಂತು." ಬೇಲಿ ದಾಟಿ, ಹುಲ್ಲಿನ ಮೆದೆ ಬಳಸಿಕೊಂಡು ವ್ಯಾನು ಒಂದು ಹಿತ್ತಲಿನಲ್ಲಿ ನಿಂತಿತು. ಕಲ್ಲಿನ ಮೇಲೆ ಅವ್ವ ಕೂತಿದ್ದಳು.

ಅವ್ವ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು. "ಯಾರಪ್ಪಾ? ಹೂ ತಕ್ಕೊಳ್ಳಕ್ ಬಂದ್ರಾ? ಮಗ ಇಲ್ಲ ಕಣಪ್ಪ, ತಡೀರಿ, ಬತ್ತಾನೆ."

ಎದುರಿಗೇ ಇದ್ದ ಅಳಿಯನ ಗುರುತು ಅವಳಿಗೆ ಸಿಗಲಿಲ್ಲ. ಇವರು ಅವ್ವನನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಮುಖ ಬಿಳಿಚಿಕೊಂಡಿತ್ತು. ಅದನ್ನು ಆಶ್ಚರ್ಯ ಎಂದುಕೊಂಡರು. ಆಮೇಲೆ ವ್ಯಾನಿನಿಂದ ಇಳಿದು, "ಅತ್ತೆ... ನಾನು," ಎಂದರು.

ಧ್ವನಿಯನ್ನು ಅವ್ವ ಮರೆತಿರಲಿಲ್ಲ. ಬಂದು ಇವರ ಎರಡೂ ಕೈ ಹಿಡಿದುಕೊಂಡಳು. "ನಾನು ಬಾಗ್ಲು ತುಳಿಯಕಿಲ್ಲ ಅಂದಿದ್ದೆ ಅತ್ತೆ," ಎಂದರು ಇವರು, ಮಗು ತಪ್ಪೊಪ್ಪಿಕೊಂಡಂತೆ.

"ಬಾಗ್ಲೆಲ್ ತುಳುದ್ರಿ? ಹಿತ್ಲಿಂದಲ್ವಾ ಬಂದಿರೋದು! ಬನ್ನಿ, ಕೈಕಾಲ್ ತೊಳ್ಕಳಿ."

ಇವರು ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಅಷ್ಟು ಹೊತ್ತಿಗೆ ನಾನು ವ್ಯಾನಿನಲ್ಲಿ ಕೂತೇ ಗುರುತನ್ನು ಮತ್ತೆ ಅಕ್ಕನ ಗುಡಿಗೆ ಬದಲಾಯಿಸಿ, ಅವ್ವನ ಹಿತ್ತಲಿನ ಗುರುತನ್ನು ಅಳಿಸಿಬಿಟ್ಟಿದ್ದೆ. ಇವರು ಬಂದು ಕಂಪ್ಯೂಟರು ಇಸಿದುಕೊಂಡು ನೋಡಿದರು. ಬಾಣ ಬೇರೆ ಕಡೆಗೆ ಮುಖ ಮಾಡಿತ್ತು. "ನೋಡೆ! ಈಗ ಆ ಕಡೆ ತೋರಿಸ್ತಾ ಅದೆ. ಇಷ್ಟೊತ್ತು ಇಲ್ಲಿಗ್ ತೋರ್ಸ್ತಿತ್ತಲ್ವಾ? ನೀನೇ ನೋಡ್ದಲ್ಲ?"

"ಊಂ ರೀ. ನೋಡ್ದೆ," ಎಂದೆ.

ನನ್ನ ಪಾಪವೆಲ್ಲ ಆ ಮೂರು ಮಾತಿನಲ್ಲಿದೆ.

ಆಗಲೇ ಹೊರಟಿದ್ದರೂ ಶಾಸ್ತ್ರದ ಹೊತ್ತಿಗೆ ಮುಟ್ಟುತ್ತಿದ್ದೆವು. ನಾಲ್ಕು ವರ್ಷಕ್ಕೆ ಬಂದ ಅಳಿಯನನ್ನು ಬರಿ ನೀರು ಕೊಟ್ಟು ಕಳಿಸುವುದಕ್ಕೆ ಅವ್ವ ಒಪ್ಪಲಿಲ್ಲ. ನನ್ನ ತಮ್ಮ ಹೊಲದಿಂದ ಓಡಿಬಂದು ಕಾಲಿಗೆ ಬಿದ್ದ. ಇವರೇ ಎರಡು ಸಲ "ಅಕ್ಕ ಕಾಯ್ತಾಳೆ" ಎಂದರು. ಆಗಲಾದರೂ ನಾನು "ಹೌದವ್ವ, ಹೊರಡಬೇಕು" ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಒತ್ತು ಶಾವಿಗೆಗೆ ಎಸರಿಟ್ಟವಳು ನಾನೇ. ಕಾಯಿಹಾಲು ಹಿಂಡಿದವಳು ನಾನೇ. ಮೊಬೈಲಿಗೆ ಆ ಹೊಲದಲ್ಲಿ ಸಿಗ್ನಲ್ ಇರಲಿಲ್ಲ, ಅದೂ ನನಗೆ ಗೊತ್ತಿತ್ತು. ಇವರು ಉಣ್ಣುವಾಗ ಅವ್ವ ಎದುರಿಗೆ ಕೂತು, ಎಲೆಯ ಹತ್ತಿರ ಮುಖ ತಂದು, ಕೈ ಬಾಯಿಗೆ ಹೋಗುವುದನ್ನು ನೋಡುತ್ತಿದ್ದಳು — ಏನು ಕಂಡಿತೋ, ಎಷ್ಟು ಕಂಡಿತೋ. ಆ ಗಳಿಗೆಗಾಗಿ ನಾನು ಇವತ್ತಿಗೂ ಕೃತಜ್ಞಳು. ಬೇಡವೆಂದುಕೊಂಡರೂ ಆ ಕೃತಜ್ಞತೆ ಹೋಗುವುದಿಲ್ಲ.

ನಾವು ಗುಡಿ ಮುಟ್ಟಿದಾಗ ಜನ ಊಟ ಮಾಡುತ್ತಿದ್ದರು. ಕಿವಿ ಚುಚ್ಚುವ ಆಚಾರ್ರು ಹೊತ್ತು ಮೀರುತ್ತದೆ ಎಂದು ಕೆಲಸ ಮುಗಿಸಿ ಹೊರಟುಹೋಗಿದ್ದರು. ಮಗು ಭಾವನ ದಾಯಾದಿಯೊಬ್ಬರ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡಿತ್ತು. ಅತ್ತು ಅತ್ತು ಅಕ್ಕನ ಹೆಗಲ ಮೇಲೆ ಮಲಗಿತ್ತು. ಅಕ್ಕನ ಅತ್ತೆ ಎಲ್ಲರಿಗೂ ಕೇಳುವಂತೆ, "ಸೋದರಮಾವ ಈಗ್ ಬಂದ್ನಾ? ತವ್ರು ಇದ್ದೂ ಇಲ್ದಂಗಾಯ್ತು ಬುಡು," ಎಂದರು.

ಅಕ್ಕ ತಮ್ಮನನ್ನು ನೋಡಿದರು. "ನಂಗೇನ್ ಹತ್ತು ಜನ ತಮ್ದೀರಿದ್ರೇನ್ಲಾ?" ಎಂದಷ್ಟೇ ಕೇಳಿದರು.

ಇವರು ಕೈ ಮುಗಿದುಕೊಂಡು ನಡೆದದ್ದನ್ನು ಹೇಳಿದರು. ಬಾಣ ತಾನೇ ತಿರುಗಿದ್ದು, ಎಂದೂ ನೋಡದ ಹಿತ್ತಲಿಗೆ ತಂದು ನಿಲ್ಲಿಸಿದ್ದು, ಅವ್ವ ಅದೇ ಕಲ್ಲಿನ ಮೇಲೆ ಕೂತು ಗೋಪಾಲಸ್ವಾಮಿಯನ್ನು ಬೇಡಿಕೊಳ್ಳುತ್ತಿದ್ದದ್ದು. ಎಲೆಯ ಮುಂದೆ ಕೂತಲ್ಲೇ ಜನ ಕೈ ಮುಗಿದರು. ಅಕ್ಕನ ಅತ್ತೆಯೂ ಗಲ್ಲ ಗಲ್ಲ ಬಡಿದುಕೊಂಡರು. ಅಕ್ಕ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಅಂದರು — "ಸ್ವಾಮಿನೇ ಕರ್ಕ ಓದ್ಮೇಲೆ ನಂದೇನು ಬುಡಪ್ಪ."

ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ನಾನು ಅವರಿಂದ ಕಿತ್ತುಕೊಂಡಿದ್ದೆ. ಮನುಷ್ಯರ ಮೇಲೆ ಕೋಪ ಬಂದರೆ ಬೈಯಬಹುದು, ಅಳಬಹುದು, ಮಾತು ಬಿಡಬಹುದು. ದೇವರ ಹೆಸರು ಮುಂದೆ ತಂದು ನಿಲ್ಲಿಸಿದರೆ —

ಆಮೇಲೆ ಎಲ್ಲವೂ ನನಗೆ ಒಳ್ಳೆಯದೇ ಆಯಿತು. ಇವರು ತವರಿಗೆ ನನಗಿಂತ ಹೆಚ್ಚು ಹೋದರು. ಅವ್ವನ ಕಣ್ಣು ಪೂರ್ತಿ ಹೋದ ಮೇಲೆ ಅವಳ ಮಂಚದ ಪಕ್ಕ ಕೂತು ರೇಡಿಯೋ ತಿರುಗಿಸಿ ಕೊಡುತ್ತಿದ್ದವರು ಇವರು. ಅವ್ವ ಹೋದಾಗ ಹೆಗಲು ಕೊಟ್ಟರು. ಅವ್ವನೂ ಸ್ವಾಮಿಯೇ ಅಳಿಯನನ್ನು ತಂದದ್ದೆಂದು ನಂಬಿ ಹೋದಳು. ಅಂದಿನಿಂದ ಪ್ರತಿ ಶ್ರಾವಣದ ಒಂದು ಶನಿವಾರ ನಾವಿಬ್ಬರೂ ಬೆಟ್ಟಕ್ಕೆ ಹೋಗುತ್ತೇವೆ. ನಮ್ಮ ವ್ಯಾನನ್ನು ಮೇಲಕ್ಕೆ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಬಸ್ಸು ಹತ್ತಬೇಕು. ಆ ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತರೂ ಇವರು ಕತೆ ಹೇಳುತ್ತಾರೆ. ಕೇಳಿದವರು ಕೈ ಮುಗಿಯುತ್ತಾರೆ. ನಾನು ಕಿಟಕಿಯ ಆಚೆ ಮಂಜನ್ನು ನೋಡುತ್ತಿರುತ್ತೇನೆ.

ಈ ಸಲ ಶ್ರಾವಣ ಹತ್ತಿರವಾದಾಗ ಅಕ್ಕ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ನಾನು ದೇವರ ಗೂಡಿನ ಮುಂದೆ ಕೂತಿದ್ದೆ, ಅವರು ಪಕ್ಕದಲ್ಲಿ ಹೂ ಕಟ್ಟುತ್ತಿದ್ದರು. "ಈ ಸಲ ನೀವೂ ಬನ್ನಿ ಅಕ್ಕ, ಬೆಟ್ಟಕ್ಕೆ," ಎಂದೆ. ಪ್ರತಿವರ್ಷ ಕರೆಯುತ್ತಿದ್ದೆ, ಪ್ರತಿವರ್ಷ ಮಂಡಿನೋವು ಎನ್ನುತ್ತಿದ್ದರು. ಈ ಸಲ ಅವರ ಕೈ ನಿಂತಿತು.

"ಮಂಡಿನೋವೆಲ್ಲ ಸುಳ್ಳು ಕಣಮ್ಮಿ. ಅವತ್ತಿಂದ ನಾ ಆ ಬೆಟ್ಟುಕ್ ಕೈ ಮುಗ್ದಿಲ್ಲ. ನಿಮ್ಮವ್ವ ಕೂಗಿದ್ದು ಅವ್ನಿಗೆ ಕೇಳುಸ್ತು. ನಾನೂ ಅವತ್ ಬೆಳಿಗ್ಗಿಂದ ದಾರಿ ನೋಡ್ತಾ ಅವ್ನನ್ನೇ ಕೂಗ್ತಿದ್ದೆ — ನನ್ ತಮ್ಮನ್ನ ಬ್ಯಾಗ ಕಳ್ಸಪ್ಪ ಅಂತ. ನನ್ನ ಕೂಗು ಕೇಳುಸ್ನಿಲ್ಲ. ನಾನೇನ್ ಪಾಪ ಮಾಡಿದ್ನೋ ಏನೋ, ಇನ್ನೂವೆ ಗೊತ್ತಾಗ್ನಿಲ್ಲ."

ನನ್ನ ಬೆರಳಿನಲ್ಲಿ ವಿಭೂತಿ ಇತ್ತು. ಹಚ್ಚಲೂ ಆಗಲಿಲ್ಲ, ಒರೆಸಿಕೊಳ್ಳಲೂ ಆಗಲಿಲ್ಲ.

ಈ ಮಂಗಳವಾರ ಒಬ್ಬಳೇ ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ಅವರ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ — ಸೀರೆಯ ಮಡಿಕೆಯಿಂದ ಹಿಡಿದು ಕಾಯಿಹಾಲಿನವರೆಗೆ. ಅವ್ವನ ಕಣ್ಣಿನ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅದು ಅವರಿಗೆ ಸೇರಿದ ಲೆಕ್ಕವಲ್ಲ.

ಅಕ್ಕ ಒಲೆ ಆರಿಸಿದರು. ಆಮೇಲೆ ಮೆಲ್ಲಗೆ, "ಅಂಗಾರೆ ಅವ್ನಲ್ಲ?" ಎಂದರು.

"ಅಲ್ಲ ಅಕ್ಕ. ನಾನು."

"ನಾನ್ ಕೂಗಿದ್ದು ಅವ್ನಿಗೆ ಕೇಳುಸ್ತಿತ್ತೇನೋ. ನೀನೇ ಅಡ್ಡ ಕುಂತ್ಬುಟ್ಟೆ."

"ಊಂ ಅಕ್ಕ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅತ್ತು ಮುಗಿಸಿ ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಅಡುಗೆಮನೆಯ ಕಿಟಕಿಯಿಂದ ಬೆಟ್ಟ ಕಾಣುತ್ತದೆ; ಅದಕ್ಕೆ ಹಳೆಯ ಸೀರೆಯ ಪರದೆ ಹಾಕಿದ್ದರು. ಬಿಸಿಲಿಗೆ ಎಂದುಕೊಂಡಿದ್ದೆ ನಾನು. ಅದನ್ನು ಪಕ್ಕಕ್ಕೆ ಸರಿಸಿದರು. ನನ್ನ ಕಡೆ ತಿರುಗದೆ, "ಓಗು. ಬಸ್ಸಿನ್ ಹೊತ್ತಾಯ್ತದೆ," ಎಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯಿಂದ ಕುಂಕುಮವಿಲ್ಲದೆ ಹೊರಟೆ. ಬಸ್ಸಿನಲ್ಲಿ ಕೂತು ಯೋಚಿಸಿದೆ — ಆ ಕೋಪ ಇಷ್ಟು ಕಾಲ ತಪ್ಪು ಬಾಗಿಲಲ್ಲಿ ನಿಂತಿತ್ತು. ಈಗ ಸರಿಯಾದ ಬಾಗಿಲಿಗೆ ಬಂದಿದೆ. ಅದನ್ನೂ ಉಪಕಾರ ಎಂದೇ ಎಣಿಸಿಕೊಂಡೆ.

ನಿನ್ನೆ ಸಂಜೆ ಅಕ್ಕನ ಫೋನು ಬಂತು. ಹಲೋ ಎನ್ನಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ.

"ಸನಿವಾರ ನಾನೂ ಬತ್ತೀನಿ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತಿರ್ತೀನಿ. ನಿನ್ ಪಕ್ಕ ಕೂರಕಿಲ್ಲ."

"ಆಗ್ಲಿ ಅಕ್ಕ."

"ನನ್ ತಮ್ಮನ್ಗ್ ಯೋಳಿದ್ಯಾ?"

"ಇಲ್ಲ."

"ನಾ ಯೋಳಕಿಲ್ಲ. ನೀನೇ ಯೋಳ್ಬೇಕು," ಎಂದು ಇಟ್ಟುಬಿಟ್ಟರು.

ಇವತ್ತು ಶನಿವಾರ. ಇವರು ಸ್ನಾನಕ್ಕೆ ಹೋಗಿದ್ದಾರೆ; ಸ್ವಾಮಿಯ ಹೆಸರು ಹೇಳುತ್ತ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿದೆ. ಇವರ ನಂಬಿಕೆಯಲ್ಲಿ ನಾನು ಸೇರಿಸಿದ ಸುಳ್ಳು ಎಷ್ಟು, ಇವರದೇ ಆದ ಭಕ್ತಿ ಎಷ್ಟು — ಬಿಡಿಸಿ ಹೇಳುವುದು ನನ್ನಿಂದಾಗದು. ಇವರು ಬೈಯಬಹುದು. ಮಾತು ಬಿಡಬಹುದು. ಬೆಟ್ಟಕ್ಕೇ ಬರುವುದಿಲ್ಲ ಎನ್ನಬಹುದು. ಏನೆಂದರೂ ಅದು ನನಗೆ ಸಲ್ಲಬೇಕಾದದ್ದು.

ಬೆಳಿಗ್ಗೆ ಪಟಗಳಿಗೆ ವಿಭೂತಿ ಹಚ್ಚಿದೆ, ಹೂವಿಟ್ಟೆ. ಕಂಪ್ಯೂಟರಿಗೆ ಹಚ್ಚಲಿಲ್ಲ. ಅದನ್ನು ಗೂಡಿನಿಂದ ತೆಗೆದು, ಹಳೆಯ ವಿಭೂತಿ, ಒಣಗಿದ ಹೂವಿನ ಪಕಳೆ ಎಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ. ಅಡಿಯಲ್ಲಿ ಬರೀ ಪ್ಲಾಸ್ಟಿಕ್ಕು, ಒಂದು ಗಾಜು. ತಂದು ಇವರ ಕಾಫಿ ಲೋಟದ ಪಕ್ಕ ಇಟ್ಟಿದ್ದೇನೆ.

ನೀರಿನ ಸದ್ದು ನಿಂತಿತು.